ಬಿಸಿಲೂರಿನವನು ಹಿಮದಲ್ಲಿ ಸುಟ್ಟುಕೊಂಡದ್ದು

ಕಲಬುರಗಿಯವನಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಮೇ ತಿಂಗಳಲ್ಲಿ ಪಾದರಸ 43 ಮುಟ್ಟಿದರೂ ತಲೆಗೆ ಟವೆಲ್ ಸುತ್ತಿಕೊಂಡು ಸೂಪರ್ ಮಾರ್ಕೆಟ್‌ಗೆ ಹೋಗಿ ಬರುವ ಜನ ನಾವು. ಹಾಗಾಗಿ ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರ ಏರಲು ಹೊರಟಾಗ ನನ್ನ ಸಿದ್ಧತೆಯೆಲ್ಲ ಚಳಿಗಾಗಿಯೇ ನಡೆಯಿತು. ಎರಡು ತಿಂಗಳು ಬೆನ್ನಿಗೆ ಹತ್ತು ಕಿಲೋ ಜೋಳದ ಚೀಲ ಹೊತ್ತು ಅಪ್ಪನ ಕೆರೆಯ ಸುತ್ತ ನಡೆದೆ. ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಲೆಕ್ಕವನ್ನೂ ಹಾಕಿದ್ದೆ. ನಮ್ಮೂರಿನ ಎತ್ತರ ಸುಮಾರು 450 ಮೀಟರ್, ಶಿಖರದ್ದು ಸುಮಾರು 3,800. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಎತ್ತರದಿಂದಲೇ 22 ಡಿಗ್ರಿ ಕಡಿಮೆ. ಉತ್ತರದ ಚಳಿಗಾಲ ಅದರ ಮೇಲೆ. ಈ ಲೆಕ್ಕಕ್ಕೆ ಸಿಗದೆ ಉಳಿದದ್ದು ಗಾಳಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 21ರಂತೆ ತಾಗುತ್ತದೆ. ದಪ್ಪ ಸ್ವೆಟರ್ ಗಾಳಿಯನ್ನು ತಡೆಯಲಿಲ್ಲ, ಮೇಲೆ ಹಾಕಿದ ತೆಳ್ಳನೆಯ ಜಾಕೆಟ್ ತಡೆಯಿತು. ಒಳಗಿನ ಹತ್ತಿ ಬನಿಯನ್ನಿನದು ಇನ್ನೊಂದು ಕಥೆ. ಏರುವಾಗ ಬೆವರಿನಲ್ಲಿ ತೊಯ್ದು, ಉಸಿರು ತೆಗೆದುಕೊಳ್ಳಲು ಐದು ನಿಮಿಷ ನಿಂತರೆ ಬೆನ್ನಿಗೆ ಒದ್ದೆ ಗೋಣಿಚೀಲ ಹೊದಿಸಿದಂತಾಗುತ್ತಿತ್ತು.

ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡುವುದನ್ನು ಹೇಳಿಕೊಟ್ಟವನು ನಮ್ಮ ಗೈಡ್. ನೀರು ಮೇಲಿನಿಂದ ಹೆಪ್ಪುಗಟ್ಟುತ್ತಾ ಬರುವುದರಿಂದ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. (ನನ್ನ ದಖ್ಖನಿ ಹಿಂದಿ ಕೇಳಿದಾಗಲೆಲ್ಲ ಅವನು ನಗುತ್ತಿದ್ದ.) ಮೊಬೈಲ್ ಮಾತ್ರ ಚಳಿಗೆ ಸತ್ತೇ ಹೋಯಿತು. ಅಂಗಿಯೊಳಗೆ ಇಟ್ಟುಕೊಂಡ ಮೇಲೆ ಜೀವ ಬಂತು.

ಬೆಳಗಿನ ಮೂರು ಗಂಟೆಗೆ ಹೊರಟೆವು. ರಾತ್ರಿ ಹೆಪ್ಪುಗಟ್ಟಿದ ಹಿಮ ಗಟ್ಟಿಯಾಗಿದ್ದು ಕಾಲು ಹೂಳುವುದಿಲ್ಲ. ಮೋಡವೂ ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೇ ಕಟ್ಟುವುದು. ಏಳೂವರೆಗೆ ತುದಿಯಲ್ಲಿದ್ದೆ. ಇನ್ನೊಂದು ಗಂಟೆ ಕೂರೋಣ ಎಂದರೆ ಗೈಡ್ ಪಶ್ಚಿಮಕ್ಕೆ ಬೆರಳು ತೋರಿಸಿದ. ಆ ಬೂದು ಪಟ್ಟಿ ನನ್ನ ಕಣ್ಣಿಗೆ ಏನೂ ಅಲ್ಲ. ಅಲ್ಲಿಯ ಚಳಿಗಾಲದ ಮಳೆ, ಹಿಮ ಬಹುಪಾಲು ಬರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಸಾಗಿಬರುವ ವಾಯುಭಾರ ಕುಸಿತಗಳಿಂದ. ನಮ್ಮ ಮುಂಗಾರಿನ ಲೆಕ್ಕ ಅಲ್ಲಿ ನಡೆಯದು. ಹನ್ನೊಂದಕ್ಕೆ ಕ್ಯಾಂಪ್ ತಲುಪಿದೆವು. ಅರ್ಧ ಗಂಟೆಯಲ್ಲಿ ಹಿಮ ಬೀಳತೊಡಗಿ, ಹತ್ತು ಹೆಜ್ಜೆ ಆಚೆಯ ಟೆಂಟ್ ಕಾಣದಾಯಿತು.

ಇಷ್ಟಾದರೂ ನನ್ನನ್ನು ಹಣ್ಣು ಮಾಡಿದ್ದು ಬಿಸಿಲೇ. ಸಾವಿರ ಮೀಟರ್‌ಗೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇ 80ರವರೆಗೂ ಮರಳಿ ಎಸೆಯುತ್ತದೆ. ನಮ್ಮೂರ ಬಿಸಿಲು ಮೇಲಿನಿಂದ ಬರುತ್ತದೆ, ಟವೆಲ್ ಸಾಕು. ಅಲ್ಲಿಯದು ಕೆಳಗಿನಿಂದಲೂ ಬರುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆಯ ಒಳಗೆ, ನಾನು ಕನಸಿನಲ್ಲೂ ಕ್ರೀಮ್ ಹಚ್ಚದ ಜಾಗಗಳೆಲ್ಲ ಸುಟ್ಟವು. ತಣ್ಣನೆಯ ಗಾಳಿಯಲ್ಲಿ ಆಗ ಉರಿ ಗೊತ್ತಾಗಲಿಲ್ಲ. ಫೋಟೊಗಾಗಿ ಕಪ್ಪು ಕನ್ನಡಕವನ್ನೂ ತೆಗೆದುಬಿಟ್ಟಿದ್ದೆ. ಸಂಜೆ ಖಾರದ ಕೈಯಲ್ಲಿ ಉಜ್ಜಿದಂತೆ ಕಣ್ಣು ಉರಿದು, ರಾತ್ರಿಯೆಲ್ಲ ಒದ್ದೆ ಬಟ್ಟೆ ಕಟ್ಟಿಕೊಂಡು ಕತ್ತಲಲ್ಲಿ ಮಲಗಿದೆ.

ಎರಡನೆಯ ಸಲ ಹೋದಾಗ ಪಕ್ಕದಿಂದಲೂ ಬೆಳಕು ನುಗ್ಗದ ಕನ್ನಡಕ, ತುಟಿಗೂ ಹಚ್ಚುವ ಸನ್‌ಸ್ಕ್ರೀನ್, ಬೆವರು ಹಿಡಿದಿಡದ ಬನಿಯನ್ ಎರಡು ಒಯ್ದೆ. ಸ್ವೆಟರ್ ಒಂದನ್ನು ಕಡಿಮೆ ಮಾಡಿದೆ. ರೊಟ್ಟಿ ಮಾತ್ರ ಮೊದಲಿನಷ್ಟೇ. ಬ್ರೆಡ್ ಕಲ್ಲಾದ ಚಳಿಯಲ್ಲೂ ಅದು ಮನೆಯಲ್ಲಿದ್ದಂತೆಯೇ ಕಟುಂ ಎನ್ನುತ್ತಿತ್ತು.

ಮೊದಲ ಸಲ ಊರಿಗೆ ಮರಳಿದಾಗ ಮೂಗಿನ ಸಿಪ್ಪೆ ಸುಲಿಯುತ್ತಿತ್ತು. ಅವ್ವ ಬಾಗಿಲಲ್ಲೇ ನಿಲ್ಲಿಸಿ ನೋಡಿದಳು. “ಬಿಸಿಲು ಇಲ್ಲಿ ಕಡಿಮೆ ಬಿತ್ತೇನೋ ನಿನಗೆ?” ಎಂದು ಕೊಬ್ಬರಿ ಎಣ್ಣೆ ತರಲು ಒಳಗೆ ಹೋದಳು.