ಕೆಂಪು ಕುಕೂ ಕಂಡರೆ ಮೊದಲು ಹುಬ್ಬು ನೋಡುತ್ತೇನೆ

ಕುಕೂ ಅಂದರೆ ಕೋಗಿಲೆ ಬಳಗದ ಹಕ್ಕಿ. ಅದರಲ್ಲಿ ಗಂಡು ಗ್ರೇ-ಬೆಲೀಡ್ ಕುಕೂ ಗುರುತಿಸುವುದು ಅಂಥ ಕಷ್ಟವಲ್ಲ. ಮೈಯೆಲ್ಲ ಬೂದು, ಬಾಲದ ಬುಡದಡಿ ಬಿಳಿ. ತಲೆನೋವು ಶುರುವಾಗುವುದು ಹೆಣ್ಣಿನಿಂದ. ಹೆಣ್ಣುಗಳಲ್ಲಿ ಕೆಲವು ಇಟ್ಟಿಗೆ ಕೆಂಪು, ಮೈತುಂಬ ಗಾಢ ಪಟ್ಟೆ. ಇದಕ್ಕೆ ಹೆಪಾಟಿಕ್ ರೂಪ ಅಂತಾರೆ. ಬ್ಯಾಂಡೆಡ್ ಬೇ ಕುಕೂ ಕೂಡ ಕೆಂಪೇ, ಅದಕ್ಕೂ ಪಟ್ಟೆ. ಗಾತ್ರವೂ ಹೆಚ್ಚುಕಮ್ಮಿ ಒಂದೇ, 23-24 ಸೆಂ.ಮೀ. ಮತ್ತೆ ಎರಡೂ ನಮ್ಮ ಕರ್ನಾಟಕದಲ್ಲೇ ಸಿಗುತ್ತವೆ.

ಪಟ್ಟೆ ಎಣಿಸುತ್ತಾ ಕೂತರೆ ಹಕ್ಕಿ ಹಾರಿಹೋಗುತ್ತದೆ. ನಾನು ಸೀದಾ ಮುಖಕ್ಕೆ ದುರ್ಬೀನು ಹಿಡಿಯುತ್ತೇನೆ. ಬ್ಯಾಂಡೆಡ್ ಬೇಗೆ ಕಣ್ಣಿನ ಮೇಲೆ ಅಗಲವಾದ ಬಿಳಿ ಹುಬ್ಬು, ಯಾರೋ ಸುಣ್ಣದಲ್ಲಿ ತೀಡಿದ ಹಾಗೆ. ಆ ಬಿಳಿ ಕೆನ್ನೆಯ ಹಿಂದಿನಿಂದ ಸುತ್ತಿ ಬರುವುದರಿಂದ ಕಣ್ಣಿನ ಹಿಂದಿನ ಕಂದು ಪಟ್ಟಿ ಬೇರೆಯಾಗಿ ಎದ್ದು ಕಾಣುತ್ತದೆ. ಹೆಪಾಟಿಕ್ ಹೆಣ್ಣಿನ ಮುಖದಲ್ಲಿ ಇಂಥ ಹುಬ್ಬಿಲ್ಲ, ತಲೆಯ ಕೆಂಪು ಹಾಗೇ ಕೆನ್ನೆಗೆ ಇಳಿದುಬಿಡುತ್ತದೆ.

ಎಲೆ ಮರೆಯಲ್ಲಿ ಮುಖ ಕಾಣದಿದ್ದರೆ ಬಾಲ ನೋಡುತ್ತೇನೆ. ಹೆಪಾಟಿಕ್ ಹೆಣ್ಣಿನ ಬಾಲ ಮೇಲಿನಿಂದ ನೋಡಿದರೆ ಪಟ್ಟೆಯಿಲ್ಲದ ಹೊಳೆಯುವ ಕೆಂಪು, ಹಾರುವಾಗ ಇದು ಚೆನ್ನಾಗಿ ಕಾಣುತ್ತದೆ. ಹೊಟ್ಟೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಬ್ಯಾಂಡೆಡ್ ಬೇಗೆ ಬಿಳಿಯ ಮೇಲೆ ಸಣ್ಣ ಸಣ್ಣ ಅಲೆಗೆರೆ, ಇನ್ನೊಂದಕ್ಕೆ ದಪ್ಪ ಪಟ್ಟೆ, ಗಂಟಲು ಎದೆಗೆ ಕೆಂಪು ಛಾಯೆ. ಪುಸ್ತಕದ ಚಿತ್ರದಲ್ಲಿ ಇದು ಸುಲಭ. ಮೋಡದ ಬೆಳಕಲ್ಲಿ, ತೆರೆದ ಆಕಾಶದ ಎದುರು ಕೂತ ಹಕ್ಕಿಯ ಹೊಟ್ಟೆ ಬರೀ ಕಪ್ಪು! ಅಂಥ ಕಡೆ ಕ್ಯಾಮೆರಾದ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿಯೇ ಕ್ಲಿಕ್ ಮಾಡುತ್ತೇನೆ.

ಕೂಗಿದರೆ ಅರ್ಧ ಕೆಲಸ ಮುಗಿದಂತೆ. ಗ್ರೇ-ಬೆಲೀಡ್ ಮಳೆಗಾಲದಲ್ಲಿ ಕುರುಚಲು ಕಾಡಿನ ಒಣಕೊಂಬೆ, ಕರೆಂಟು ತಂತಿ ಮೇಲೆ ರೆಕ್ಕೆ ಇಳಿಬಿಟ್ಟು ಕೂತು 'ಪೀ... ಪಿಪೀ-ಪೀ' ಅಂತ ಗೋಗರೆಯುತ್ತದೆ. ಬ್ಯಾಂಡೆಡ್ ಬೇ ಕೂಗು ನಾಲ್ಕು ಸ್ವರದ ಸೀಟಿ. ಇಂಡಿಯನ್ ಕುಕೂ ಅನ್ನುವ ಇನ್ನೊಂದು ಜಾತಿಯದೂ ನಾಲ್ಕೇ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಬ್ಯಾಂಡೆಡ್ ಬೇ ದನಿ ಜಾಸ್ತಿ ಕೀಚಲು, ಲಯ ಚುರುಕು. ಮಲೆನಾಡಿನ ಕಾಡಂಚಿನಲ್ಲಿ ಮರದ ತುದಿಯಿಂದ ಕೇಳಿಸುತ್ತದೆ. ಹಕ್ಕಿ ಹತ್ತಿರ ಬರಲಿ ಅಂತ ಮೊಬೈಲಲ್ಲಿ ಕೂಗು ಹಾಕುವವರಿದ್ದಾರೆ. ನನಗದು ಸರಿಬರುವುದಿಲ್ಲ. ಮೊಟ್ಟೆಯಿಡುವ ಕಾಲದಲ್ಲಿ ಸುಮ್ನೆ ಯಾಕೆ ಅದನ್ನು ಗೋಳುಹೊಯ್ದುಕೊಳ್ಳಬೇಕು?

ಇವು ಬೇರೆ ಹಕ್ಕಿಯ ಗೂಡಲ್ಲಿ ಮೊಟ್ಟೆಯಿಡುವುದರಿಂದ, ಮರಿಗೆ ಗುಟುಕು ಕೊಡುತ್ತಿರುವ ಹಕ್ಕಿ ಯಾವುದು ಅಂತಲೂ ನೋಡುತ್ತೇನೆ. ಸಿಂಪಿಗ ಅಥವಾ ಪ್ರಿನಿಯಾದಂಥ ಪುಟ್ಟ ಹಕ್ಕಿ ಆದರೆ ಗ್ರೇ-ಬೆಲೀಡ್ ಇರಬಹುದು. ಮಧುರಕಂಠ (ಅಯೋರಾ) ಆದರೆ ಬ್ಯಾಂಡೆಡ್ ಬೇ ಕಡೆಗೆ ವಾಲುತ್ತೇನೆ. ಇದು ಸುಳಿವು ಮಾತ್ರ, ಇದೊಂದನ್ನೇ ನಂಬಿ ಹೆಸರು ಬರೆಯುವುದಿಲ್ಲ. ಮುಖವೂ ಬಾಲವೂ ಕಾಣದೆ, ಕೂಗೂ ಕೇಳದೆ ಹೋದ ಹಕ್ಕಿ ನನ್ನ ಪಟ್ಟಿಯಲ್ಲಿ ಬರೀ 'ಕ್ಯಾಕೊಮ್ಯಾಂಟಿಸ್', ಎರಡಕ್ಕೂ ಇರುವ ಕುಲದ ಹೆಸರು.