ಮೆಸ್ಸಿನ ಊಟಕ್ಕೆ ಕೆಂಪಕ್ಕಿ, ಕೊರಲೆ, ಇಡಿ ರಾಗಿ: ನನ್ನ ಅನುಭವ

ಪಲ್ಯ ಕೆಟ್ಟರೆ ಗಿರಾಕಿ ಒಂದು ಮಾತು ಬೈದು ಸುಮ್ಮನಾಗುತ್ತಾನೆ. ಅನ್ನ ಬದಲಾದರೆ ಮೆಸ್ಸನ್ನೇ ಬದಲಾಯಿಸುತ್ತಾನೆ. ಮೆಸ್ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ತುಮಕೂರಿನ ನಮ್ಮ ಮೆಸ್ಸಿನಲ್ಲಿ ಪಾಲಿಶ್ ಮಾಡದ, ಅಂದರೆ ತೌಡು ತೆಗೆಯದ ಧಾನ್ಯ ಶುರು ಮಾಡುತ್ತೇನೆ ಎಂದಾಗ ಈ ಲೈನಿನಲ್ಲಿ ಇರುವವರೆಲ್ಲ ನಕ್ಕರು. 'ಅಕ್ಕಾ, ಹುಡುಗರು ಹೊಟ್ಟೆ ತುಂಬಕ್ಕೆ ಬರ್ತಾರೆ, ಆರೋಗ್ಯಕ್ಕಲ್ಲ' ಎಂದರು ಒಬ್ಬರು. ಅವರೇ ಹೋದ ತಿಂಗಳು ಫೋನ್ ಮಾಡಿ ಯಾವ ಮಿಲ್ಲಿನಲ್ಲಿ ಹೊಟ್ಟು ತೆಗೆಸುತ್ತೀರಿ ಎಂದು ಕೇಳಿದರು. ಹೆಸರು ಹೇಳಲಿಲ್ಲ, ಇಲ್ಲೂ ಹೇಳಲ್ಲ. ಆ ಮಿಲ್ಲು ಹುಡುಕಲು ನಾನು ಪಟ್ಟ ಪಾಡು ನನಗೇ ಗೊತ್ತು.

ಈಗ ನಮ್ಮಲ್ಲಿ ದಿನಕ್ಕೆ 80–90 ಜನ ಊಟ ಮಾಡುತ್ತಾರೆ. ವಸಂತನರಸಾಪುರದ ಫ್ಯಾಕ್ಟರಿ ಹುಡುಗರು, ಕಾಲೇಜು ಮಕ್ಕಳು, ಬ್ಯಾಂಕಿನವರು ನಾಲ್ಕೈದು ಜನ. ಒಳಗೆ ಹೋಗುವ ಧಾನ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾಲಿಶ್ ಇಲ್ಲದ್ದು. ತಿಂಗಳ ಪಾಸಿಗೆ ಏರಿಸಿದ್ದು 150 ರೂಪಾಯಿ ಅಷ್ಟೇ. ಅದಕ್ಕಾಗಿ ಬಿಟ್ಟು ಹೋದವರು ಯಾರೂ ಇಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. 2023 ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆಯೇ ಹೇಳಿತ್ತಲ್ಲ, ಎಲ್ಲಿ ನೋಡಿದರೂ ಅದೇ ಮಾತು. ಬುಧವಾರ 'ಸಿರಿಧಾನ್ಯ ಸ್ಪೆಷಲ್' ಅಂತ ಬೋರ್ಡ್ ಹಾಕಿದೆ, 20 ರೂಪಾಯಿ ಜಾಸ್ತಿ. ಅಂಗಡಿಯ ಪ್ಯಾಕೆಟ್ ನವಣೆ, ಕೆಜಿಗೆ 140ರ ಹತ್ತಿರ. ಮೊದಲ ವಾರ ಕುತೂಹಲಕ್ಕೆ ತಿಂದರು. ಎರಡನೇ ವಾರ ಒಬ್ಬ ಹುಡುಗ ತಟ್ಟೆ ನೋಡಿ, 'ಅಕ್ಕಾ, ಇದು ಲವ್ ಬರ್ಡ್ಸ್‌ಗೆ ಹಾಕೋ ಕಾಳಲ್ವಾ?' ಎಂದ. ಅಲ್ಲಿಗೆ ಮುಗೀತು. ಆಮೇಲೆ ಬುಧವಾರ ಬಂದರೆ ಅರ್ಧ ಜನ ಹೊರಗೆ ತಿನ್ನುತ್ತಿದ್ದರು. ಪಾತ್ರೆಗಟ್ಟಲೆ ಉಳಿದದ್ದು ಹಸುಗಳಿಗೆ. ಎರಡು ಮೂರು ತಿಂಗಳಲ್ಲಿ 10–12 ಸಾವಿರ ಕೈಬಿಟ್ಟಿತು.

ಹೊಟ್ಟೆ ಉರಿದದ್ದು ಅದಕ್ಕಲ್ಲ. ಆ ಪ್ಯಾಕೆಟ್ ನವಣೆಯೂ ಪಾಲಿಶ್ ಮಾಡಿದ್ದೇ! ಬಿಳಿ ಅಕ್ಕಿಗೆ ಏನು ಮಾಡುತ್ತಾರೋ ಅದಕ್ಕೂ ಅದನ್ನೇ ಮಾಡಿರುತ್ತಾರೆ. ತೌಡು ಹೋದ ಮೇಲೆ ಸಿರಿಧಾನ್ಯವಾದರೇನು, ಸೋನಾ ಮಸೂರಿಯಾದರೇನು, ನಾರಿನಂಶ ಎಲ್ಲಿಂದ ಬರಬೇಕು? ನೋಡಿದರೆ ಗೊತ್ತಾಗುತ್ತೆ. ಒಂದು ಹಿಡಿ ಅಂಗೈಗೆ ಹಾಕಿ ಬಿಸಿಲಿಗೆ ಹಿಡಿಯಿರಿ. ಪಾಲಿಶ್ ಆದದ್ದು ಎಲ್ಲಾ ಒಂದೇ ಬಣ್ಣ, ನುಣ್ಣಗೆ ಹೊಳೆಯುತ್ತೆ. ಆಗದ್ದು ಮಂಕು, ಕಾಳಿನಿಂದ ಕಾಳಿಗೆ ಬಣ್ಣ ಬೇರೆ, ಒಂದು ತುದಿಯಲ್ಲಿ ಮೊಳಕೆಯ ಚುಕ್ಕೆ ಉಳಿದಿರುತ್ತೆ. ಉಜ್ಜಿದರೆ ಕೈಗೆ ಸ್ವಲ್ಪ ತೌಡು ಅಂಟುತ್ತೆ. ಹೊಟ್ಟಿರುವ ಕಾಳೂ ಅಲ್ಲೊಂದು ಇಲ್ಲೊಂದು ಸಿಗುತ್ತೆ. ಅದು ಸಿಗದೇ ಇದ್ದರೇ ನನಗೆ ಅನುಮಾನ.

ಪ್ಯಾಕೆಟ್ ಬಿಟ್ಟು ಮಧುಗಿರಿ ಕಡೆಯ ರೈತರಿಂದ ಕೊರಲೆ ಎಂಬ ಸಣ್ಣ ಕಾಳಿನ ಸಿರಿಧಾನ್ಯ ತರಲು ಶುರು ಮಾಡಿದೆ. ನಮ್ಮ ಜಿಲ್ಲೆಯಲ್ಲೇ ಬೆಳೆಯುವುದು, ಆದರೂ ಪಟ್ಟಣದಲ್ಲಿ ಕೇಳುವವರಿಲ್ಲ. ಲೆಕ್ಕ ಹೀಗಿದೆ. ಹೊಟ್ಟಿನ ಸಮೇತ ಕ್ವಿಂಟಾಲಿಗೆ 4 ಸಾವಿರ ಆಸುಪಾಸು. ಮಿಲ್ಲಿನ ಕೂಲಿ, ಗಾಡಿ ಬಾಡಿಗೆ ಸೇರಿ ಸಾವಿರ ಚಿಲ್ಲರೆ. ಹೊಟ್ಟು ತೆಗೆದ ಮೇಲೆ ಬರುವ ಕೊರಲೆ ಅಕ್ಕಿ 60–65 ಕೆಜಿ. ಅಂದರೆ ಕೆಜಿಗೆ 80–85 ಬೀಳುತ್ತೆ. ಸೋನಾ ಮಸೂರಿಗಿಂತ ಜಾಸ್ತಿಯೇ, ಆದರೆ ಪ್ಯಾಕೆಟ್ಟಿಗಿಂತ ಎಷ್ಟೋ ವಾಸಿ. ಹೊಟ್ಟು ಬಿಡಿಸದೆ ಇಟ್ಟರೆ ಕೊರಲೆ ವರ್ಷ ಕಳೆದರೂ ಕೆಡಲ್ಲ. ಹೊಟ್ಟು ತೆಗೆದ ಮೇಲೆ ತೌಡಿನಲ್ಲಿರುವ ಎಣ್ಣೆ ಕಮಟು ಹಿಡಿಯುತ್ತೆ, ಹುಳವೂ ಬೇಗ ಬೀಳುತ್ತೆ. ಅದಕ್ಕೆ ಮೂರು ವಾರಕ್ಕೆ ಆಗುವಷ್ಟು ಮಾತ್ರ ಮಿಲ್ಲಿಗೆ ಒಯ್ಯುತ್ತೇನೆ. ಕಲ್ಲು ಮಾತ್ರ ಪ್ರಾಣ ತಿನ್ನುತ್ತೆ. ಕೊರಲೆಯ ಕಲ್ಲು ಕೊರಲೆಯಷ್ಟೇ ಸಣ್ಣ, ಮೊರದಲ್ಲಿ ಕೇರಿದರೆ ಹೋಗಲ್ಲ, ನೀರಲ್ಲಿ ಮೂರು ಸಲ ಜಾಲಿಸಲೇಬೇಕು. ಇದನ್ನು ಬಿಟ್ಟರೆ ಒಂದೇ ಒಂದು ಕಲ್ಲು ಹಲ್ಲಿಗೆ ಸಿಕ್ಕಿ ಇಡೀ ಪಾತ್ರೆಗೆ ಕೆಟ್ಟ ಹೆಸರು.

ಬೋರ್ಡ್ ತೆಗೆದ ದಿನದಿಂದ ದಾರಿ ಸಿಕ್ಕಿತು. ಸ್ಪೆಷಲ್ ಇಲ್ಲ, ಬುಧವಾರ ಇಲ್ಲ. ಜನ ದಿನಾ ತಿನ್ನುವ ತಿಂಡಿಯ ಒಳಗೇ ಹಾಕುವುದು. ಮೊದಲು ಪುಳಿಯೋಗರೆ, ಚಿತ್ರಾನ್ನ, ಬಿಸಿಬೇಳೆಬಾತು. ಇವುಗಳಲ್ಲಿ ಬಣ್ಣ, ಮಸಾಲೆ ಎರಡೂ ಇರುವುದರಿಂದ ಪಾಲಿಶ್ ಮಾಡದ ಕೆಂಪಕ್ಕಿ ಬೆರೆಸಿದರೂ ಕಣ್ಣಿಗೆ ಬೀಳಲ್ಲ. ಕಾಲು ಭಾಗದಿಂದ ಶುರು. ರಾತ್ರಿಯೇ ನೆನೆಹಾಕಿ, ಬೇರೆಯಾಗಿ ಬೇಯಿಸಿ, ಆಮೇಲೆ ಬಿಳಿ ಅನ್ನದ ಜೊತೆ ಬೆರೆಸುವುದು. ಒಟ್ಟಿಗೆ ಬೇಯಿಸಿದರೆ ಬಿಳಿಯದು ಮುದ್ದೆ, ಕೆಂಪು ಗಟ್ಟಿ. ನೆನೆಹಾಕುವ ಮುಂಚೆ ಗ್ಯಾಸ್ ತಿಂಗಳಿಗೆ ಎರಡು ಸಿಲಿಂಡರ್ ಜಾಸ್ತಿ ಹೋಗುತ್ತಿತ್ತು. ಈಗ ಒಂದು.

ಕಾಲು ಭಾಗ ಎಂದದ್ದಕ್ಕೆ ಇನ್ನೊಂದು ಕಾರಣ ಇದೆ. ನಾರು ಒಂದೇ ಸಲ ಜಾಸ್ತಿಯಾದರೆ ಹೊಟ್ಟೆ ಉಬ್ಬರ. ನಮ್ಮ ಹುಡುಗರು ಅದನ್ನು ನನಗಿಂತ ಮುಂಚೆ ಕಂಡುಹಿಡಿದರು, ಹಾಸ್ಟೆಲ್ ರೂಮಿನಲ್ಲಿ ಏನೇನು ತಮಾಷೆ ನಡೆಯಿತೋ ಬಿಡಿ. ತಿಂಗಳು ಎರಡು ತಿಂಗಳು ಬಿಟ್ಟು ಅರ್ಧಕ್ಕೆ ಏರಿಸಿದೆ. ಯಾರೂ ಕೇಳಲಿಲ್ಲ.

ಬಿಸಿಬೇಳೆಬಾತಿಗೆ ಕೊರಲೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಇಟ್ಟಷ್ಟೂ ನೀರು ಹೀರುತ್ತೆ. ಹನ್ನೆರಡಕ್ಕೆ ಹದವಾಗಿದ್ದದ್ದು ಒಂದೂವರೆಗೆ ಇಟ್ಟಿಗೆ. ಅದಕ್ಕೆ ಸಾರಿನಷ್ಟೇ ತೆಳ್ಳಗೆ ಇಳಿಸಿ, ಪಕ್ಕದಲ್ಲಿ ಬಿಸಿನೀರು ಇಟ್ಟುಕೊಳ್ಳಿ.

ಇನ್ನು ರಾಗಿ ಇಡ್ಲಿ. ಇದರಲ್ಲಿ ನನಗೆ ಸ್ವಲ್ಪ ಜಂಬ ಇದೆ, ಇರಲಿ. ಎಲ್ಲರೂ ರಾಗಿ ಹಿಟ್ಟು ಬೆರೆಸುತ್ತಾರೆ. ಅದು ಅಂಟಂಟು, ಒತ್ತಿದರೆ ಮೇಲೇಳಲ್ಲ. ನಾನು ಇಡಿ ರಾಗಿಯನ್ನೇ ನೆನೆಹಾಕಿ ರುಬ್ಬುತ್ತೇನೆ. ರಾಗಿ ಮೂರು ಪಾವು, ಇಡ್ಲಿ ಅಕ್ಕಿ ಒಂದು, ಉದ್ದು ಒಂದಕ್ಕೆ ಸ್ವಲ್ಪ ಜಾಸ್ತಿ, ಮೆಂತ್ಯ ಒಂದು ಚಮಚ. ರಾಗಿಯ ಸಿಪ್ಪೆ ಗ್ರೈಂಡರ್ ಕಲ್ಲಿಗೆ ಬೇಗ ಬಗ್ಗಲ್ಲ. ಮೊದಲೆಲ್ಲ ಇಡ್ಲಿ ಬಾಯಲ್ಲಿ ಮರಳು ಮರಳು. ಜಾಸ್ತಿ ಹೊತ್ತು ರುಬ್ಬಿದರೆ ಹಿಟ್ಟು ಬಿಸಿಯಾಗಿ ಬೆಳಗಾಗುವ ಮುಂಚೆಯೇ ಹುಳಿ. ರಾಗಿಯನ್ನು ಬೇರೆ ಹಾಕಿ, ಐಸ್ ನೀರಿನಲ್ಲಿ, ಎರಡು ಕಂತಿನಲ್ಲಿ ರುಬ್ಬಿದ ಮೇಲೆ ಸರಿಹೋಯಿತು. ಕೊನೆಗೆ ಉದ್ದಿನ ಹಿಟ್ಟಿನ ಜೊತೆ ಇನ್ನೊಂದು ಪದಾರ್ಥ ಸೇರಿಸುತ್ತೇನೆ. ಸೋಡಾ ಅಲ್ಲ, ಅವಲಕ್ಕಿಯೂ ಅಲ್ಲ. ಅದು ನಮ್ಮ ಅಡುಗೆಮನೆಯಲ್ಲೇ ಇರಲಿ.

ಮಧ್ಯೆ ಒಂದು ಹುಚ್ಚು ಹಿಡಿಯಿತು. ಮೊಳಕೆ ಕಟ್ಟಿದ ರಾಗಿ ಇನ್ನೂ ಒಳ್ಳೆಯದಲ್ವಾ, ಅದರಲ್ಲೇ ಇಡ್ಲಿ ಮಾಡೋಣ ಅಂತ. ರಾತ್ರಿ ಗಟ್ಟಿಯಾಗಿದ್ದ ಹಿಟ್ಟು ಬೆಳಗ್ಗೆ ಮಜ್ಜಿಗೆ! ಮೊಳಕೆ ಬಂದಾಗ ಕಾಳಿನ ಪಿಷ್ಟ ಒಡೆಯುತ್ತೆ, ಹಿಟ್ಟಿಗೆ ಹಿಡಿತವೇ ಉಳಿಯಲ್ಲ. ಮಗುವಿನ ಮಾಲ್ಟ್ ತೆಳ್ಳಗಿದ್ದೂ ಶಕ್ತಿ ಕೊಡುವುದು ಅದರಿಂದಲೇ. ಎಂಟು ತಟ್ಟೆ ಇಡ್ಲಿ ಚಪ್ಪಟೆ ಬಿಲ್ಲೆಯಾಗಿ ಬಂತು. ಉಳಿದ ಹಿಟ್ಟಿಗೆ ನೀರು ಹಾಕಿ ಕಾಯಿಸಿ, ಮಜ್ಜಿಗೆ, ಈರುಳ್ಳಿ, ಉಪ್ಪು ಸೇರಿಸಿ ಅಂಬಲಿ ಮಾಡಿದೆ. ಬೇಸಿಗೆಯಲ್ಲಿ ಈಗ ಲೋಟ 10 ರೂಪಾಯಿಗೆ ಅದನ್ನೇ ಮಾರುತ್ತೇನೆ. ಏಪ್ರಿಲ್‌ನಲ್ಲಿ ಇಡ್ಲಿಗಿಂತ ಅದರಲ್ಲೇ ಲಾಭ.

ಸಜ್ಜೆ ಹಿಟ್ಟು ಬೀಸಿಸಿ ಇಡಲು ಹೋಗಬೇಡಿ. ಎರಡು ವಾರಕ್ಕೆ ಕಹಿ. ಬೀಸಿದ ಎರಡು ಮೂರು ದಿನದಲ್ಲಿ ಮುಗಿಸುವುದಾದರೆ ಮಾತ್ರ ರೊಟ್ಟಿ ಮಾಡಿ. ವಿಜಯಪುರ ಕಡೆಯ ಬ್ಯಾಂಕಿನವರು ಒಬ್ಬರು ಬಿಳಿಜೋಳದ ರೊಟ್ಟಿ ಬೇಕು ಅಂತ ವರ್ಷದಿಂದ ಕೇಳುತ್ತಿದ್ದಾರೆ. ತಟ್ಟುವ ಕೈ ಇಲ್ಲಿ ಸಿಗಲ್ಲ, ಸಿಕ್ಕರೆ ದಿನಕ್ಕೆ 600 ಕೇಳುತ್ತಾರೆ.

ಶುಗರ್ ಇರುವವರು ಇಬ್ಬರು ಮೂವರು ಇದ್ದಾರೆ. ಅವರಿಗೆ ನಾನು ಹೇಳುವುದು ಒಂದೇ: ಕೊರಲೆ ಅಂತ ಎರಡು ತಟ್ಟೆ ಬಡಿಸಿಕೊಂಡರೆ ಏನೂ ಇಳಿಯಲ್ಲ, ಅಳತೆ ಅಳತೆಯೇ.

ಸಾಂಬಾರಿನ ಜೊತೆಯ ಬಿಳಿ ಅನ್ನ ನಾನು ಮುಟ್ಟಿಲ್ಲ, ಸದ್ಯಕ್ಕೆ ಮುಟ್ಟುವುದೂ ಇಲ್ಲ. ಅದರ ಪಕ್ಕದಲ್ಲಿ ಸಣ್ಣ ಪಾತ್ರೆಯಲ್ಲಿ ಕೆಂಪಕ್ಕಿ ಅನ್ನ ಇಡುತ್ತೇನೆ, ಬೇಕಾದವರು ಬಡಿಸಿಕೊಳ್ಳಲಿ ಅಂತ. ಮೊದಲು ಎರಡು ಪಾವು ಹಾಕಿದರೆ ಉಳಿಯುತ್ತಿತ್ತು. ಈಗ ಎರಡು ಸೇರು ಹಾಕಿದರೂ ತಡವಾಗಿ ಬಂದವರಿಗೆ ಸಿಗಲ್ಲ. ಭಾನುವಾರದ ಬಿರಿಯಾನಿಗೆ ಮಾತ್ರ ಕೆಂಪಕ್ಕಿ ಹಾಕಿ ನೋಡಬೇಡಿ. ನಾನು ನೋಡಿ ಆಗಿದೆ.