ಕಣ್ಣು ಮಂಜು ಅಂದರೆ ರಿಪೋರ್ಟಿಗೆ ಕಾಯುವುದಿಲ್ಲ

ನಾನು ತುರ್ತು ವಿಭಾಗದ ವೈದ್ಯ. ಮೆಥನಾಲ್, ಅಂದರೆ ಕಳ್ಳಭಟ್ಟಿಯಂಥ ಮದ್ಯದಲ್ಲಿ ಸೇರಿರಬಹುದಾದ ವಿಷಕಾರಿ ಆಲ್ಕೋಹಾಲ್. ಈ ವಿಷದ ಅನುಮಾನ ನನಗೆ ಹೆಚ್ಚಾಗಿ ಮೊದಲು ಬರುವುದು ರೋಗಿಯ ಉಸಿರು ನೋಡಿ. ಬಂದಿರುವುದು ಹೊಟ್ಟೆನೋವು, ವಾಂತಿ ಅಂತ. ಎದೆಯಲ್ಲಿ ಏನೂ ಕೇಳಿಸುವುದಿಲ್ಲ, ಆಕ್ಸಿಜನ್ ಸರಿಯಾಗಿದೆ, ಆದರೂ ಆಳವಾಗಿ, ವೇಗವಾಗಿ ಉಸಿರಾಡುತ್ತಿರುತ್ತಾರೆ. ರಕ್ತದಲ್ಲಿ ಆಮ್ಲ ಏರಿದೆ ಅಂತ ಅರ್ಥ. ತಕ್ಷಣ ಕಣ್ಣಿನ ಬಗ್ಗೆ ಕೇಳುತ್ತೇನೆ. ಮಂಜು, ಎಲ್ಲಾ ಬೆಳ್ಳಗೆ ಕಾಣ್ತಿದೆ ಅಂದರೆ ಮುಂದಿನ ಪ್ರಶ್ನೆ: ಯಾವಾಗ ಕುಡಿದಿರಿ, ಜೊತೆಗೆ ಯಾರಿದ್ದರು?

ಕುಡಿದದ್ದು ನಿನ್ನೆ, ತೊಂದರೆ ಇವತ್ತು. ಸಾಮಾನ್ಯವಾಗಿ 12ರಿಂದ 24 ಗಂಟೆ ಅಂತರ. ಲಿವರ್ ಮೆಥನಾಲನ್ನು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಸಿಡ್ ಮಾಡುತ್ತದೆ. ಕಣ್ಣಿನ ನರಕ್ಕೆ ಪೆಟ್ಟು ಕೊಡುವುದು ಈ ಆಸಿಡ್. ಜೊತೆಗೆ ಮಾಮೂಲಿ ಮದ್ಯವೂ ಸೇರಿದ್ದರೆ ಇನ್ನೂ ತಡ.

ರಕ್ತ ಪರೀಕ್ಷೆಯಲ್ಲಿ ನಾನು ನೋಡುವುದು ಪಿಎಚ್ (ಆಮ್ಲ ಏರಿದಷ್ಟೂ ಇದು ಇಳಿಯುತ್ತದೆ), ಅಯಾನ್ ಗ್ಯಾಪ್ (ಫಾರ್ಮಿಕ್ ಆಸಿಡ್‌ನಂಥ ಆಮ್ಲ ಸೇರಿದರೆ ಏರುವ ಲೆಕ್ಕ), ಆಸ್ಮೋಲಾರ್ ಗ್ಯಾಪ್ (ಇನ್ನೂ ಒಡೆಯದ ಮೆಥನಾಲ್ ಇದ್ದರೆ ಏರುವ ಲೆಕ್ಕ). ಬೇಗ ಬಂದವರಲ್ಲಿ ಆಸ್ಮೋಲಾರ್ ಗ್ಯಾಪ್ ಜಾಸ್ತಿ, ಪಿಎಚ್ ಸರಿ ಇರಬಹುದು. ತಡವಾಗಿ ಬಂದವರಲ್ಲಿ ಆಸ್ಮೋಲಾರ್ ಗ್ಯಾಪ್ ಕಡಿಮೆಯಾಗಿ, ಅಯಾನ್ ಗ್ಯಾಪ್ ಏರಿರುತ್ತದೆ. ಹಾಗಾಗಿ ಆಸ್ಮೋಲಾರ್ ಗ್ಯಾಪ್ ನಾರ್ಮಲ್ ಇದೆ ಅಂತ ಸುಮ್ನೆ ಬಿಡುವ ಹಾಗಿಲ್ಲ. ಮೆಥನಾಲ್ ಮಟ್ಟದ ರಿಪೋರ್ಟ್ ಬರುವುದು ಯಾವಾಗಲೋ! ಕಥೆ, ಕಣ್ಣು, ಆಮ್ಲ ಮೂರೂ ಹೊಂದಿದರೆ ಔಷಧ ಶುರು ಮಾಡಿಬಿಡುತ್ತೇನೆ.

ಮೆಥನಾಲ್ ಒಡೆಯುವ ಕಿಣ್ವವನ್ನು ತಡೆಯುವ ಔಷಧ ಫೊಮೆಪಿಜೋಲ್ ಇದ್ದರೆ ಕೆಲಸ ಸುಲಭ: ಮೊದಲ ಡೋಸ್ ತೂಕದ ಪ್ರತಿ ಕಿಲೋಗೆ 15 ಮಿ.ಗ್ರಾಂ. ಇಲ್ಲದಿದ್ದರೆ ಎಥನಾಲ್, ಅಂದರೆ ಮಾಮೂಲಿ ಮದ್ಯದಲ್ಲಿರುವ ಆಲ್ಕೋಹಾಲ್. "ಕುಡಿದು ಬಂದವರಿಗೆ ಮತ್ತೆ ಅದನ್ನೇ ಕೊಡ್ತೀರಾ ಡಾಕ್ಟ್ರೇ?" ಅಂತ ಮನೆಯವರು ಗಾಬರಿಯಾಗುತ್ತಾರೆ. ಗಾಬರಿ ಸಹಜವೇ, ಅಲ್ವಾ? ಎರಡನ್ನೂ ಒಡೆಯುವ ಕಿಣ್ವ ಒಂದೇ, ಅದಕ್ಕೆ ಎಥನಾಲ್ ಸಿಕ್ಕರೆ ಮೆಥನಾಲ್ ಕಡೆ ತಿರುಗುವುದೇ ಕಡಿಮೆ. ಆದರೆ ಇದು ಮನೆಯಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ. ರಕ್ತದಲ್ಲಿ ಎಥನಾಲ್ ಡೆಸಿಲೀಟರಿಗೆ 100ರಿಂದ 150 ಮಿ.ಗ್ರಾಂ ಇರಬೇಕು, ಸಕ್ಕರೆ ಇಳಿಯದಂತೆ ನೋಡುತ್ತಿರಬೇಕು. ಡಯಾಲಿಸಿಸ್ ನಡೆಯುವಾಗ ಎಥನಾಲ್ ಕೂಡ ಹೊರಗೆ ಹೋಗುವುದರಿಂದ ಡೋಸ್ ಏರಿಸಬೇಕು.

ಆಮ್ಲಕ್ಕೆ ಬೈಕಾರ್ಬೊನೇಟ್, ಫಾರ್ಮಿಕ್ ಆಸಿಡ್ ಬೇಗ ಒಡೆದುಹೋಗಲೆಂದು ಫೋಲಿನಿಕ್ ಆಸಿಡ್. ಬೇರೆ ಕೆಲವು ವಿಷಗಳಿಗೆ ಕೊಡುವ ಇದ್ದಿಲಿನ ಪುಡಿಯಿಂದ ಇಲ್ಲಿ ಉಪಯೋಗವಿಲ್ಲ, ಮೆಥನಾಲ್ ಅದಕ್ಕೆ ಅಂಟುವುದಿಲ್ಲ. ಕಣ್ಣಿಗೆ ತೊಂದರೆ, ಫಿಟ್ಸ್, ಪ್ರಜ್ಞೆ ತಪ್ಪುವುದು, ಪಿಎಚ್ 7.15ಕ್ಕಿಂತ ಕೆಳಗೆ, ಇವುಗಳಲ್ಲಿ ಒಂದಿದ್ದರೂ ಡಯಾಲಿಸಿಸ್‌ಗೆ ಹೇಳುತ್ತೇನೆ. ಔಷಧ ಕಿಣ್ವವನ್ನು ತಡೆದ ಮೇಲೆ ಮೆಥನಾಲ್ ಮೈಯಲ್ಲೇ ದಿನಗಟ್ಟಲೆ ಉಳಿಯುತ್ತದೆ. ಅದನ್ನೂ ಆಸಿಡ್ಡನ್ನೂ ಬೇಗ ಹೊರಹಾಕುವುದು ಆ ಯಂತ್ರವೇ.

ಯಂತ್ರ ಸಿದ್ಧವಾಗುವಷ್ಟರಲ್ಲಿ ಜೊತೆಗೆ ಕುಡಿದವರಿಗೆಲ್ಲ ಫೋನ್ ಮಾಡಿಸುತ್ತೇನೆ. "ನನಗೇನೂ ಆಗಿಲ್ಲ" ಅಂದವರನ್ನೂ ಬರಹೇಳುತ್ತೇನೆ.